ಎರಡು ಉಂಗುರದ ಬೀಗ

ಭಾಗ್ಯಲಕ್ಷ್ಮಿಯ ಬಲಗೈಗೆ ಗುಂಡು ತಗುಲಿದ್ದು ಊಟದ ಹೊತ್ತಿನಲ್ಲಿ, 1996ರ ಶ್ರಾವಣದ ಒಂದು ಭಾನುವಾರ. ಹಾಸನದ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಅವಳು ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿದ್ದ ಅಕ್ಕ ಸರಸಮ್ಮನ ಮನೆಗೆ ಬಂದಿದ್ದಳು. ಬಾವ ಮರಿಯಣ್ಣ ಆಲೂಗೆಡ್ಡೆ ಬೆಳೆಯುತ್ತಿದ್ದ. ಕಾಡುಹಂದಿಗಳ ಕಾಟಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸ್ ಮೇಲೆ ಪಡೆದ ಒಂಟಿ ನಳಿಗೆಯ ಬಂದೂಕು ನಡುಮನೆಯ ಗೋಡೆಯಲ್ಲಿ ತೂಗುತ್ತಿತ್ತು. ಬೆಳಿಗ್ಗೆ ತುಂಬಿದ ತೋಟಾ ಅದರಲ್ಲೇ ಉಳಿದದ್ದು ಮರಿಯಣ್ಣನಿಗೆ ಮರೆತುಹೋಗಿತ್ತು. ಅವನ ತಮ್ಮ ಸಿದ್ದರಾಜು, ಹಂದಿಗೆ ಹೇಗೆ ಗುರಿ ಇಡಬೇಕೆಂದು ತೋರಿಸಲು ಬಂದೂಕು ಇಳಿಸಿ, ನಗುನಗುತ್ತಲೇ ಟ್ರಿಗರ್ ಎಳೆದ. ಸಾರಿನ ಪಾತ್ರೆ ಹಿಡಿದು ಬರುತ್ತಿದ್ದ ಭಾಗ್ಯಳ ಮಣಿಕಟ್ಟಿಗೆ ಸೀಸದ ಚರೆಗಳು ಹೊಕ್ಕವು.

ಎರಡು ಆಪರೇಷನ್ ಆದವು. ಕೈ ಉಳಿಯಿತು, ಆದರೆ ಎರಡು ಬೆರಳು ಮಡಚಲಿಲ್ಲ. ಸಿದ್ದರಾಜುವಿನ ಮೇಲೆ ಕೇಸಾಯಿತು. ಬೇಕೆಂದು ಹೊಡೆದದ್ದಲ್ಲ ಎಂದು ಭಾಗ್ಯಳೇ ಹೇಳಿಕೆ ಕೊಟ್ಟಳು. ಒಂದೂವರೆ ವರ್ಷದ ಮೇಲೆ ಕೇಸು ಮುಗಿದು ಬಂದೂಕು ಮತ್ತೆ ಮನೆಗೆ ಬಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

"ಇದ್ಯಾಕೆ ತಂದ್ರಿ ಬಾವ?"

ಮರಿಯಣ್ಣ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋದ. ಅರ್ಧ ಎಕರೆ ಸಾಲುಗಳನ್ನು ಹಂದಿಗಳು ಮೂತಿಯಲ್ಲಿ ಉತ್ತಂತೆ ಬಗೆದಿದ್ದವು. "ಅಂದಿ ತಿಂದು ಬಿಟ್ಟದ್ದೇ ನಮ್ಗೆ ಕಣವ್ವ. ಬಂದೂಕಿಲ್ದೆ ಎಂಗೆ ಬೆಳೆ ತೆಗೀಲಿ?"

ಭಾಗ್ಯ ಬಗೆದ ಸಾಲಿನಿಂದ ಅರ್ಧ ತಿಂದ ಗೆಡ್ಡೆಯೊಂದನ್ನು ಎತ್ತಿಕೊಂಡಳು. "ಸರಿ, ಇರ್ಲಿ. ಆದ್ರೆ ಅದು ನಿಮ್ಮ ಕೈಗೆ ಮಾತ್ರ ಬಗ್ಗೋ ಅಂಗೆ ಮಾಡ್ತೀನಿ," ಎಂದಳು.

ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಿದ್ದ ತಿರುನಾರಾಯಣ ಮೇಷ್ಟ್ರ ಮುಂದೆ ವಿಷಯ ಇಟ್ಟಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹೊರದೇಶಗಳಲ್ಲಿ ಇದಕ್ಕೆ ಕೈ ಹಾಕಿದ್ದಾರಮ್ಮ, ಪತ್ರಿಕೆಯಲ್ಲಿ ಓದಿದ್ದೆ. ಆದರೆ ನಾವು ಬಂದೂಕನ್ನ ಕೊರೆಯೋ ಹಾಗಿಲ್ಲ, ಕಾನೂನು ಬಿಡೋದಿಲ್ಲ. ಮೇಲಿಂದ ಹಾಕೋ ಬೀಗ ಆದರೆ ನೋಡೋಣ."

ಅವಳು ಮಾಡಲು ಹೊರಟದ್ದು ಟ್ರಿಗರನ್ನು ಪೂರ್ತಿ ಮುಚ್ಚುವ ಒಂದು ಹಿತ್ತಾಳೆಯ ಕವಚ. ಅದರೊಳಗೆ ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್ಚು, ಎರಡು ಸೆಲ್ಲು, ಕರೆಂಟು ಹರಿದರೆ ಕೊಂಡಿ ಎಳೆಯುವ, ಹಳೇ ಟೇಪ್‌ರೆಕಾರ್ಡರಿನ ತಂತಿ ಸುರುಳಿ. ಅಯಸ್ಕಾಂತ ಕೂರಿಸಿದ ಉಂಗುರ ತೊಟ್ಟ ಕೈ ಹಿಡಿಕೆಯ ಮೇಲೆ ಬಂದರೆ ಕೊಂಡಿ ಸರಿದು ಕವಚ ತೆರೆದುಕೊಳ್ಳಬೇಕು. ಬೇರೆ ಯಾರ ಕೈಗೂ ತೆರೆಯಬಾರದು.

ಮೊದಲನೆಯ ಬೀಗದ ಪರೀಕ್ಷೆಗೆ ಅವಳು ಕರೆದದ್ದು ಸಿದ್ದರಾಜುವನ್ನು. ಆ ಭಾನುವಾರದಿಂದ ಅವನು ಅವಳ ಮುಖ ನೋಡಿ ಮಾತಾಡುತ್ತಿರಲಿಲ್ಲ. ತೋಟಾ ಇಲ್ಲವೆಂದು ಮೂರು ಸಲ ನೋಡಿ ಬಂದೂಕನ್ನು ಅವನ ಮುಂದಿಟ್ಟಳು.

"ನನ್ ಕೈಗೆ ಬ್ಯಾಡ ಬಾಗ್ಯಾ," ಎಂದು ಹಿಂದೆ ಸರಿದ.

"ನಿಮ್ ಕೈಗೇ ಬೇಕು. ತೆಗೀರಿ ನೋಡೋಣ."

ಕೆಟ್ಟ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು ತಂದು ಎರಡೇ ನಿಮಿಷದಲ್ಲಿ ತೆಗೆದುಬಿಟ್ಟ. ಭಾಗ್ಯ ಬೀಗ ಬಿಚ್ಚಿಕೊಂಡು ಹಾಸನಕ್ಕೆ ಹೋದಳು. ಎರಡನೆಯದನ್ನು ಸ್ಕ್ರೂಡ್ರೈವರ್‌ನಲ್ಲಿ ಮೀಟಿದ. ಮೂರನೆಯದು ಸೋನೆಮಳೆಗೆ ನೆನೆದು ಮರಿಯಣ್ಣನಿಗೇ ತೆರೆಯಲಿಲ್ಲ. ಆ ಮುಂಜಾನೆ ಹಂದಿಗಳು ಹೊಟ್ಟೆ ತುಂಬ ತಿಂದು ಹೋದವು, ಮರಿಯಣ್ಣ ಎರಡು ದಿನ ಮಾತು ಬಿಟ್ಟ. ನಾಲ್ಕನೆಯದರ ಸಂದುಗಳನ್ನು ನೀರೂ ಸ್ಕ್ರೂಡ್ರೈವರೂ ನುಗ್ಗದಂತೆ ಬಿಗಿದು, ಒಂದರ ಬದಲು ಮೂರು ಸ್ವಿಚ್ಚು ಇಟ್ಟು, ಬೇರೆ ಅಯಸ್ಕಾಂತಕ್ಕೆ ಮೂರೂ ಕೂಡದಂತೆ ಉಂಗುರದ ಅಯಸ್ಕಾಂತಗಳನ್ನು ಅದಕ್ಕೆ ಸರಿಯಾಗಿ ತಿರುವುಮುರುವು ಜೋಡಿಸಿದಳು. ಸಿದ್ದರಾಜು ಮಧ್ಯಾಹ್ನದವರೆಗೆ ಗುದ್ದಾಡಿದ. ಕೊನೆಗೆ ಬಂದೂಕು ಕೆಳಗಿಟ್ಟು ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡ. "ಆವತ್ತೇ ಇದಿದ್ದಿದ್ರೆ..." ಎಂದ. ಭಾಗ್ಯ ಅವನ ಪಕ್ಕದಲ್ಲಿ ಕೂತಳು. ಮೂರು ವರ್ಷದಲ್ಲಿ ಮೊದಲ ಸಲ ಇಬ್ಬರೂ ಜೊತೆಯಲ್ಲಿ ಊಟ ಮಾಡಿದರು.

ಆ ಸಮಾಧಾನ ಒಂದು ತಿಂಗಳು ಇತ್ತು.

ಪಕ್ಕದ ಹೊಲದ ಗಂಗಯ್ಯನಿಗೂ ಮರಿಯಣ್ಣನಿಗೂ ಬದುವಿನ ತಕರಾರು ಹಳೆಯದು. 1999ರ ಮುಂಗಾರಿನಲ್ಲಿ ಗಂಗಯ್ಯ ಬದುವಿನ ಮೇಲೇ ನೇಗಿಲು ಹೊಡೆಸಿದ. ಮರಿಯಣ್ಣ ಬುಸುಗುಡುತ್ತ ಮನೆಗೆ ಬಂದು ಬಂದೂಕಿಗೆ ಕೈ ಹಾಕಿದ. ಸೆಲ್ಲು ಬದಲಾಯಿಸಲು ಬಂದಿದ್ದ ಭಾಗ್ಯ ಅಲ್ಲೇ ಇದ್ದಳು. ಅವಳ ಕಣ್ಣೆದುರೇ ಕವಚ ಟಕ್ಕನೆ ತೆರೆಯಿತು.

ಅವಳು ಅವನಿಗಿಂತ ಮೊದಲು ಹೊಲಕ್ಕೆ ಓಡಿದಳು. ಗಂಗಯ್ಯ ಹತ್ತು ಮಾರು ದೂರದಲ್ಲಿ ಎತ್ತುಗಳ ಪಕ್ಕ ಕಲ್ಲಾಗಿ ನಿಂತಿದ್ದ. ಮರಿಯಣ್ಣ ಬಂದೂಕು ಎತ್ತಿದಾಗ ಭಾಗ್ಯ ನಡುವೆ ಬಂದು ನಿಂತಳು. ಏದುಸಿರಿನಲ್ಲೇ ಎಡಗೈ ಮುಂದೆ ಚಾಚಿದಳು.

"ಈ ಕೈನೂ ಬೇಕಾ ಬಾವ?"

ಮರಿಯಣ್ಣ ನಳಿಗೆಯನ್ನು ನೆಲದ ಕಡೆ ಇಳಿಸಿದ. ಹಿಂದಿನಿಂದ ಬಂದ ಸರಸಮ್ಮ ಬಂದೂಕನ್ನು ಅವನ ಕೈಯಿಂದ ತೆಗೆದುಕೊಂಡಳು. ಗಂಗಯ್ಯ ನೊಗ ಬಿಚ್ಚಿ ಎತ್ತುಗಳನ್ನು ಮನೆಯ ಕಡೆ ಹೊಡೆದ.

ಮಾರನೆಯ ದಿನ ಭಾಗ್ಯ ಮೇಷ್ಟ್ರ ಕೊಠಡಿಯಲ್ಲಿ ಕೂತು ಹೇಳಿದಳು: "ಬೀಗ ಸರಿಯಾಗೇ ಕೆಲಸ ಮಾಡ್ತು ಸಾರ್. ಬಾವನ ಕೈ ಅಂತ ಗುರುತು ಹಿಡೀತು, ತೆಗೀತು. ಹೊಡೆಯೋಕೆ ಹೊರಟಿದ್ದು ಬಾವನೇ."

ತಿರುನಾರಾಯಣ ಮೇಷ್ಟ್ರು ಬೀಗದ ನಕ್ಷೆಯನ್ನು ಮುಂದಕ್ಕೆ ಎಳೆದುಕೊಂಡರು. "ಕೋಪ ಅಳೆಯೋ ಯಂತ್ರ ನನಗೆ ಗೊತ್ತಿಲ್ಲಮ್ಮ."

"ಅಳೆಯೋಕೆ ಅಕ್ಕ ಇದಾಳಲ್ಲ ಸಾರ್," ಎಂದಳು ಭಾಗ್ಯ. "ಎರಡು ಉಂಗುರ ಮಾಡೋಣ, ಬಾವಂಗೊಂದು, ಅಕ್ಕಂಗೊಂದು. ಎರಡೂ ಸೇರಿದ್ರೇ ತೆಗೀಬೇಕು."

ಸೆಪ್ಟೆಂಬರಿನಲ್ಲಿ ಚುನಾವಣೆ ಬಂತು. ಲೈಸೆನ್ಸ್ ಇದ್ದವರೆಲ್ಲ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕಾಗಿತ್ತು, ಮರಿಯಣ್ಣನೂ ಒಪ್ಪಿಸಿದ. ಆ ಬಿಡುವಿನಲ್ಲಿ ಭಾಗ್ಯ ಹೊಸ ಬೀಗ ಮುಗಿಸಿದಳು. ಅಕ್ಟೋಬರಿನಲ್ಲಿ ಬಂದೂಕು ಬಿಡಿಸಿಕೊಂಡು ಬರಲು ಮರಿಯಣ್ಣ ಹೊರಟಾಗ ಸರಸಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಆ ಬೀಗ ಆಕ್ಸೋದಾದ್ರೆ ತನ್ನಿ. ಇಲ್ದಿದ್ರೆ ಅದು ಸ್ಟೇಷನ್ನಲ್ಲೇ ಇರ್ಲಿ."

"ಅಂದಿ ಬಂದಾಗ ಎಂಡ್ತೀನ ಕೂಗ್ತಾ ಕೂತ್ಕಳ್ಳಾ? ಊರೋರು ನಗಾಕಿಲ್ವಾ?"

"ನಗ್ಲಿ. ಗಂಗಯ್ಯನ ಎಂಡ್ತಿ ಅಳೋದ್ಕಿಂತ ವಾಸಿ. ಕಾಯಾಕೆ ನಾನೂ ಬತ್ತೀನಿ, ಕೂಗೋದೇನ್ ಬಂತು?"

ಮರಿಯಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಎರಡು ದಿನ ಕೂತ. ಮೂರನೆಯ ದಿನ, "ಎಲ್ಲಿ, ಆ ಉಂಗ್ರ ಕೊಡು," ಎಂದ.

ಊರವರು ನಕ್ಕದ್ದು ನಿಜ. ಗಂಡಹೆಂಡತಿ ಇಬ್ಬರೂ ಹೊಲದ ಅಟ್ಟಣೆಯಲ್ಲಿ ಕೂತು ಬಂದರೆ ಕೇಳುವುದೇ ಬೇಡ. ಸರಸಮ್ಮ ಬರಲಾಗದ ದಿನ ಮರಿಯಣ್ಣ ತಮಟೆ ಬಡಿದು ಹಂದಿ ಓಡಿಸಿದ. ಒಂದಷ್ಟು ಗೆಡ್ಡೆ ಹೋಯಿತು.

ದೀಪಾವಳಿಯ ಹೊತ್ತಿಗೆ ಗಂಗಯ್ಯ ಮನೆಗೇ ಬಂದ. ಜಗಲಿಯ ತುದಿಯಲ್ಲಿ ಕೂತು, ಮರಿಯಣ್ಣನ ಕಡೆ ನೋಡದೆ ಭಾಗ್ಯಳಿಗೆ ಹೇಳಿದ: "ನನ್ ಬಂದೂಕ್ಗೂ ಒಂದು ಮಾಡ್ಕೊಡವ್ವ. ಆವತ್ತು ಅದು ನನ್ ಕೈಲಿದ್ದಿದ್ರೆ ನಾನೂ ಎತ್ತಿರ್ತಿದ್ದೆ."

ಡಿಪ್ಲೊಮಾ ಮುಗಿಸಿ ಭಾಗ್ಯ ಚನ್ನರಾಯಪಟ್ಟಣದಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟಳು. ಐದು ವರ್ಷದಲ್ಲಿ ಹನ್ನೊಂದು ಬೀಗ ಮಾಡಿದಳು. ಮನೆಯವರು ಆಟಕ್ಕೆ ಎತ್ತಿದ ಬಂದೂಕು ಹಾರಿತು ಎಂಬ ಸುದ್ದಿ ಆ ಹನ್ನೊಂದು ಮನೆಗಳಿಂದ ಬರಲಿಲ್ಲ. ಬಂದ ಸುದ್ದಿ ಬೇರೆ. 2004ರಲ್ಲಿ ಆ ಮನೆಗಳಲ್ಲೊಂದರ ಮುದ್ದಮ್ಮ ಎಂಬ ಹೆಂಗಸು ಅಂಗಡಿಗೆ ಬಂದು, ಊದಿಕೊಂಡ ಬೆರಳು ತೋರಿಸಿದಳು. ಗಂಡ ಅವಳ ಉಂಗುರವನ್ನು ತಿರುಚಿ ಕಿತ್ತುಕೊಂಡಿದ್ದ. ಎರಡನ್ನೂ ತಾನೇ ತೊಟ್ಟು ಅವಳ ಎದೆಗೇ ಗುರಿ ಇಟ್ಟಿದ್ದ.

"ಇನ್ನೂ ಗಟ್ಟಿ ಬೀಗ ಮಾಡಾಕಾಗ್ತದಾ ಅವ್ವಾ?"

ಭಾಗ್ಯ ಕೈಯಲ್ಲಿದ್ದ ಕೆಲಸ ಕೆಳಗಿಟ್ಟಳು. "ಇದಕ್ಕೆ ಬೀಗ ಸಾಲ್ದು ಮುದ್ದಮ್ಮ. ಬಂದೂಕೇ ಆ ಮನೇಲಿ ಇರ್ಬಾರ್ದು. ನಡೀರಿ, ನಾನೂ ಬರ್ತೀನಿ."

ಅಂಗಡಿ ಮುಚ್ಚಿ ಇಬ್ಬರೂ ಠಾಣೆಗೆ ಹೋದರು. ಸಂಸಾರದ ಜಗಳ, ಮನೆಯಲ್ಲೇ ಸರಿಮಾಡಿಕೊಳ್ಳಿ ಎಂದು ಅಲ್ಲಿದ್ದವರು ವಾಪಸು ಕಳಿಸಿದರು. ಮಾರನೆಯ ದಿನ ಮತ್ತೆ ಹೋದರು. ಸಾಹೇಬರಿಲ್ಲ ಎಂದರು. ಮೂರನೆಯ ದಿನ ಭಾಗ್ಯ ಸರಸಮ್ಮನನ್ನೂ ಸಿದ್ದರಾಜುವನ್ನೂ ಕರೆಸಿಕೊಂಡು ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೇ ಕೂತಳು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಅರ್ಜಿ ಓದಿ, "ನೀವೇ ಮಾಡಿದ ಬೀಗ ಕೈಕೊಡ್ತು ಅಂತ ನೀವೇ ಬರೆದಿದ್ದೀರಲ್ಲಮ್ಮ?" ಎಂದರು.

"ಹೌದು ಸಾರ್, ಅದೂ ಗೊತ್ತಾಗ್ಲಿ ಅಂತ್ಲೇ ಬರ್ದಿದ್ದೀನಿ. ಈಗ ಜೀಪ್ ಕಳಿಸಿ."

ಜೀಪು ಹೊರಟಿತು. ಮುದ್ದಮ್ಮ ಹಿಂದಿನ ಸೀಟಿನಲ್ಲಿ ಕೂತಳು, ಭಾಗ್ಯ ಅವಳ ಪಕ್ಕದಲ್ಲಿ. ಸಂಜೆಯೊಳಗೆ ಆ ಬಂದೂಕು ಠಾಣೆಯ ಕೋಣೆ ಸೇರಿತ್ತು.