ನೋಡಿದೆ

ನಲವತ್ತೇಳನೆಯ ಪುಟದಲ್ಲಿ ಸೂಜಿಗಣ್ಣಿಯ ಕೆಂಪು ಪೆನ್ನು ನಿಂತುಬಿಟ್ಟಿತು. ತಪ್ಪೇನೂ ಇರಲಿಲ್ಲ. ಒತ್ತು, ದೀರ್ಘ, ಅಲ್ಪವಿರಾಮ ಎಲ್ಲವೂ ಇರಬೇಕಾದಲ್ಲೇ ಇದ್ದವು. ಇರಬಾರದ ಕಡೆ ಇದ್ದವಳು ಅವಳೇ.

"ನನ್ನ ಹತ್ತಿರದ ಬಂಧುವೊಬ್ಬಳಿದ್ದಾಳೆ. ಯಾರಿಗೆ ಒಳ್ಳೆಯದಾದರೂ ಇವಳಿಗೆ ಹೊಟ್ಟೆಯುರಿ. ಏಳು ವರ್ಷ ಎಲ್ಲ ಪರೀಕ್ಷೆ ಮಾಡಿಸಿದೆ. ಕರುಳಿನಲ್ಲಿ ಏನೂ ಇಲ್ಲ, ಇರುವುದೆಲ್ಲ ಮನಸ್ಸಿನಲ್ಲಿ."

ಪುಸ್ತಕ ಅಣ್ಣನದು. ಹೊಟ್ಟೆಯ ಡಾಕ್ಟರೆಂದು ಅವನಿಗೆ ಒಳ್ಳೆಯ ಹೆಸರು. ಅವಳು ಈ ಅಚ್ಚುಮನೆಯಲ್ಲಿ ಹದಿನಾರು ವರ್ಷಗಳಿಂದ ಕರಡು ತಿದ್ದುವವಳು. ಕೊಂಬು ಬಿಟ್ಟುಹೋದ ಅಕ್ಷರವನ್ನು ಮೂರು ಮಾರು ದೂರದಿಂದಲೇ ಹಿಡಿಯುತ್ತಾಳೆಂದು ಪುಟ ಕಟ್ಟುವವನು ಇಟ್ಟ ಹೆಸರು ಸೂಜಿಗಣ್ಣಿ. ಓದಿ ಮುಗಿಸಿದ ಹಾಳೆಯ ಕೆಳಗೆ ಅವಳು "ನೋಡಿದೆ" ಎಂದು ಬರೆದರೆ ಮಾತ್ರ ಅದು ಅಚ್ಚಿಗೆ ಹೋಗುತ್ತದೆ. ಆ ಪದವನ್ನು ಅವಳು ಕಲಿತದ್ದು ಅಣ್ಣನಿಂದಲೇ. ಚಿಕ್ಕಂದಿನಲ್ಲಿ ಅವಳ ಲೆಕ್ಕದ ಪುಸ್ತಕವನ್ನು ತಿದ್ದಿ, ಕೆಳಗೆ ದೊಡ್ಡವರ ಹಾಗೆ "ನೋಡಿದೆ" ಎಂದು ಗೀಚುತ್ತಿದ್ದ.

ಏಳು ವರ್ಷದ ಹಿಂದೆ ಅಣ್ಣ ಕಾರು ಕೊಂಡ ದಿನ ಅವಳು ಊಟದ ನಡುವೆ ಎದ್ದು, "ಅಣ್ಣಾ, ಹೊಟ್ಟೆ ಉರೀತಿದೆ ಕಣೋ" ಅಂದಿದ್ದಳು. "ಕಾರು ನಂದು, ಉರಿ ನಿಂದು!" ಅಂದ ಅವನು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು, ನಗುತ್ತಲೇ ಬಚ್ಚಲಿಗೆ ಓಡಿದಳು. ಆಮೇಲೆ ಅಣ್ಣ ಪರೀಕ್ಷಿಸಿ, ಇದಕ್ಕೆ ಸಿಡುಕು ಕರುಳು ಅನ್ನುತ್ತಾರೆ, ಹಾಲು ಬಿಡು, ಯೋಚನೆ ಬಿಡು ಅಂದ. ಅವಳು ಎರಡನ್ನೂ ಬಿಟ್ಟಳು. ಹೊಟ್ಟೆ ಮಾತ್ರ ಅವಳನ್ನು ಬಿಡಲಿಲ್ಲ. ಅಚ್ಚುಮನೆಯಲ್ಲಿ ತನ್ನ ಕುರ್ಚಿಯನ್ನು ಶೌಚಾಲಯದ ಕಡೆಯ ಬಾಗಿಲ ಬಳಿಗೆ ಹಾಕಿಸಿಕೊಂಡಳು. ಒಳಗೆ ಹೋದರೆ ಸದ್ದು ಯಾರಿಗೂ ಕೇಳಬಾರದೆಂದು ಮೊದಲು ನಲ್ಲಿ ತಿರುಗಿಸುತ್ತಿದ್ದಳು. ಮಲದಲ್ಲಿ ರಕ್ತ ಕಂಡಾಗ ಹೇಳಿದರೆ ಮೂಲವ್ಯಾಧಿ ಇರಬೇಕು ಬಿಡು ಅಂದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇವಳು ಹಿತ್ತಲ ಗಿಡವನ್ನೇ ನಂಬಿದಳು. ಬಂದ ಪ್ರತಿ ವರದಿಯ ಮೂಲೆಯಲ್ಲೂ ಅವನು "ನೋಡಿದೆ" ಎಂದು ಬರೆದು ಕೊಡುತ್ತಿದ್ದ. ಹಾಗೆ ಬರೆದ ಹಾಳೆಯನ್ನು ಮತ್ತೆ ತೆರೆಯಬಾರದೆಂಬುದು ಅವಳ ಕಸುಬಿನ ನಿಯಮ. ತೆರೆಯದೆ ಕಡತಕ್ಕೆ ಸೇರಿಸುತ್ತಿದ್ದಳು.

ಹೋದ ವಾರ ಕರಡಿನ ಮೇಲೇ ತಲೆಯಿಟ್ಟು ಎಚ್ಚರ ತಪ್ಪಿದಾಗ ಪುಟ ಕಟ್ಟುವವನು ದೊಡ್ಡ ಆಸ್ಪತ್ರೆಗೆ ಸೇರಿಸಿದ. ಮೂರು ದಿನ ಪರೀಕ್ಷೆಗಳಾದವು. ಮತ್ತೆ ನಗುತ್ತಾನೆಂದು ಅಣ್ಣನಿಗೆ ಅವಳು ತಿಳಿಸಲಿಲ್ಲ. ಅಲ್ಲಿನ ಡಾಕ್ಟರಮ್ಮ ಅವಳು ಮನೆಯಿಂದ ತರಿಸಿಕೊಟ್ಟ ಹಳೆಯ ಕಡತ ತಿರುವಿ ಒಂದು ಹಾಳೆ ಹೊರಗೆಳೆದರು.

"ಇದನ್ನ ಯಾರಮ್ಮ ನೋಡಿದ್ದು?"

"ನಮ್ಮಣ್ಣ. ಅವನೂ ಡಾಕ್ಟ್ರೇ."

"ಸಿಡುಕು ಕರುಳು, ಕರುಳಿನ ಉರಿಯೂತ, ಎರಡೂ ಒಂದೇ ವೇಷ ಹಾಕ್ಕೊಂಡು ಬರ್ತವೆ. ಅದೇ ನೋವು, ಅದೇ ಓಡಾಟ. ಕೆಲವರಿಗೆ ಎರಡೂ ಇರತ್ತೆ. ಆದ್ರೆ ಬರೀ ಸಿಡುಕಿಗೆ ರಕ್ತ ಹೋಗಲ್ಲ, ಹೀಗೆ ತೂಕ ಇಳಿಯಲ್ಲ. ನಾಲ್ಕು ವರ್ಷದ ಹಿಂದೇನೇ ಲ್ಯಾಬಿನವರು ಬರೆದಿದಾರೆ, ಉರಿಯೂತ ಇದೆ, ಒಳಗೆ ಕ್ಯಾಮೆರಾ ಇಳಿಸಿ ನೋಡಿ ಅಂತ. ಆಗ್ಲೇ ಹಿಡಿದಿದ್ರೆ ಮಾತ್ರೇಲಿ ಹತೋಟಿಗೆ ಬರ್ತಿತ್ತೇನೋ. ಈಗ ಕರುಳು ಕಿರಿದಾಗಿಬಿಟ್ಟಿದೆ. ಒಂದು ಗೇಣು ತೆಗೀಬೇಕು."

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ನಾಚಿಕೆ. ಏಳು ವರ್ಷ ತನ್ನ ಹೊಟ್ಟೆಯನ್ನೇ ಸುಳ್ಳುಬುರುಕಿ ಎಂದು ಬೈದುಕೊಂಡಿದ್ದಳಲ್ಲ.

ಇವತ್ತು ಹನ್ನೊಂದು ಗಂಟೆಗೆ ಅಣ್ಣ ಕಾರಿನ ಕೀಲಿ ತಿರುಗಿಸುತ್ತಾ ಅಚ್ಚುಮನೆಗೆ ಬಂದ.

"ಏನೇ, ಆಯ್ತಾ? ಮಧ್ಯಾಹ್ನ ಅಚ್ಚಿಗೆ ಹೋಗ್ಬೇಕು. ನಿನ್ನ ಆ ಒಂದು ಪದ ಹಾಕಿಬಿಡು."

"ಒಂದು ಅನುಮಾನ ಇದೆ. ಬರೆದವರನ್ನೇ ಕೇಳ್ಬೇಕು" ಎಂದು ಅವಳು ನಲವತ್ತೇಳನೆಯ ಪುಟ ತಿರುಗಿಸಿಟ್ಟಳು. ಅಂಚಿಗೆ ಆ ಹಳೆಯ ವರದಿಯನ್ನು ಪಿನ್ನು ಚುಚ್ಚಿ ಸೇರಿಸಿದ್ದಳು. ಪಕ್ಕದಲ್ಲಿ ಕೆಂಪು ಪ್ರಶ್ನೆಯ ಗುರುತು.

ಅವನು ಓದಿದ. ಓದುವವರ ಕಣ್ಣು ಅವಳಿಗೆ ಚೆನ್ನಾಗಿ ಗೊತ್ತು. ಒಮ್ಮೆ ಓದಿದ ಸಾಲಿನ ಮೇಲೆ ಕಣ್ಣು ಹೀಗೆ ತಡವರಿಸುವುದಿಲ್ಲ. ಅವನು ಅದನ್ನು ಈಗಲೇ, ಮೊದಲ ಸಲ ಓದುತ್ತಿದ್ದ.

"ಅವತ್ತು ಕ್ಲಿನಿಕ್ಕಲ್ಲಿ ಜನ ಇದ್ರು ಕಣೇ. ನಿಂದು ತಾನೆ, ಏನಿರತ್ತೆ ಅಂತ..."

"ನಂದು ಅಂತಾನೇ ನೋಡ್ಲಿಲ್ಲ."

ನೋವಿದೆಯಾ ಎಂದು ಅವನು ಒಂದು ಮಾತು ಕೇಳಲಿ ಎಂದು ಕಾದಳು. ಕೇಳಿದ್ದರೆ ಎಲ್ಲವನ್ನೂ ಅಲ್ಲೇ ಮರೆತುಬಿಡುತ್ತಿದ್ದಳೇನೋ. ಅಷ್ಟು ಪ್ರೀತಿ ಅವಳಲ್ಲಿ ಇನ್ನೂ ಇತ್ತು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಇದನ್ನ ಬೇರೆ ಯಾರಿಗೂ ತೋರಿಸಿಲ್ಲ ತಾನೆ?"

ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

"ಈ ಪುಟ ತೆಗೆದುಬಿಡೋಣ ಬಿಡು, ಪುಟ್ಟಿ."

"ಪುಟ ತೆಗೀಬಹುದು. ಸೋಮವಾರ ಕರುಳೂ ತೆಗೀತಾರೆ."

ಹೊಟ್ಟೆಯೊಳಗೆ ಹಿಂಡಿದಂತಾಯಿತು. ಅವಳು ಕರಡಿನ ಕಟ್ಟನ್ನೂ ಕೆಂಪು ಪೆನ್ನನ್ನೂ ಅವನ ಮುಂದೆ ಸರಿಸಿ, ಮೇಜು ಹಿಡಿದು ಎದ್ದಳು.

"ಆ ಪದ ನೀನೇ ಹಾಕ್ಕೋ ಅಣ್ಣ. ಓದದೇನೇ ಬರೆಯೋ ಅಭ್ಯಾಸ ನಿಂಗಿದೆ."

ಅವನು ಪೆನ್ನು ಮುಟ್ಟಲಿಲ್ಲ. ಪುಟ ಕಟ್ಟುವವನು ಕೆಲಸ ನಿಲ್ಲಿಸಿ ತಲೆಯೆತ್ತಿದ. ಅವಳು ಓಡದೆ, ಗೋಡೆ ಹಿಡಿದು ನಿಧಾನವಾಗಿ ನಡೆದುಹೋಗಿ ಶೌಚಾಲಯದ ಅಗುಳಿ ಹಾಕಿದಳು. ಅಭ್ಯಾಸಬಲದಿಂದ ಕೈ ನಲ್ಲಿಯ ಕಡೆ ಹೋಯಿತು. ಅರ್ಧದಲ್ಲೇ ನಿಂತು ಹಿಂದಕ್ಕೆ ಬಂತು. ಅವತ್ತು ಅವಳು ನೀರು ಬಿಡಲಿಲ್ಲ.