ಹವಾಲ್ದಾರನ ಟೇಬಲ್ಲಿನ ಕೆಳಗೆ

ನಾನು ಎಡಗಾಲಿನ ಕೆರ. ಬಲಗಾಲಿನವನು ನನ್ನ ಜೋಡಿ. ಅವನಿಗೆ ಮಾತು ಕಡಿಮೆ, ಕಿರಗುಟ್ಟುವುದು ಹೆಚ್ಚು. ಅಥಣಿಯ ದುರ್ಗಪ್ಪ ನಮ್ಮಿಬ್ಬರನ್ನೂ ಎಮ್ಮೆಯ ತೊಗಲಿನಲ್ಲಿ ಕೊಯ್ದು, ಹೊಲಿದು, ಎಣ್ಣೆ ಕುಡಿಸಿ ಅಂಗಡಿಯ ಹಗ್ಗಕ್ಕೆ ತೂಗುಹಾಕಿದ. ಹಾವೇರಿಯ ಫಕ್ಕೀರಪ್ಪನಿಗೆ ಅವನ ಮಾವ ನಮ್ಮನ್ನು ಕೊಡಿಸಿದ.

ಫಕ್ಕೀರಪ್ಪ ಮದುವೆಗಳಿಗೆ ಪೆಂಡಾಲು ಹಾಕುವವನು. ಅಗಲ ಪಾದ, ಒಡೆದ ಹಿಮ್ಮಡಿ, ಬಂಗಾರದಂಥ ಮನುಷ್ಯ. ದೋಷ ಒಂದೇ. ಗುಡಿಯ ಮುಂದೆ ಬಿಟ್ಟಂತೆಯೇ ಸಾಹುಕಾರರ ಮನೆಯ ಮುಂದೆಯೂ ಬ್ಯಾಂಕಿನ ಮುಂದೆಯೂ ನಮ್ಮನ್ನು ಬಿಡುತ್ತಿದ್ದ. ಎಲ್ಲಿ ಹೆದರಿಕೆಯೋ ಅಲ್ಲಿ ಬರಿಗಾಲು.

ಒಂದು ಮದುವೆಯಲ್ಲಿ ಮದುಮಗಳ ಬೋರಮಾಳ ಸರ ಕಾಣೆಯಾಯಿತು. ಪೆಂಡಾಲಿನವನ ಮೇಲೆ ಬೊಟ್ಟು. ಠಾಣೆಯಿಂದ ಫೋನು ಬಂತು: "ಸುಮ್ನ ಬಂದು ಹೋಗಪಾ." ಹೋದ. ಮೆಟ್ಟಿಲ ಬಳಿ ನಮ್ಮನ್ನು ಬಿಟ್ಟ. ಹವಾಲ್ದಾರ ಮುದಕಣ್ಣವರ ನಮ್ಮನ್ನು ಎತ್ತಿ ತಂದು ತನ್ನ ಟೇಬಲ್ಲಿನ ಕೆಳಗೆ ದೂಡಿದ. ಅವನ ಹಳೆಯ ಉಪಾಯ ಅದು. ಬೀಗ ಬೇಡ, ಬೇಡಿ ಬೇಡ. ಓಣಿಯ ಮಂದಿ ನೋಡುತ್ತಿರುವಾಗ ಠಾಣೆಯಿಂದ ಬರಿಗಾಲಲ್ಲಿ ಯಾರು ಹೋಗುತ್ತಾರೆ?

"ತಪ್ಪಾತು ಅಂತ ಬರದು ಸೈ ಹಾಕು, ಮನೀಗೆ ಹೋಗು."

"ನಾ ತಗೊಂಡಿಲ್ರಿ ಸಾಹೇಬ್ರ."

"ತಗೊಂಡೀ ಅಂತ ಯಾರಂದ್ರು? ಸೈ ಹಾಕು ಅಂದೆ, ಅಷ್ಟ."

ಮಧ್ಯಾಹ್ನ ಇಳಿಯಿತು. ಫಕ್ಕೀರಪ್ಪನ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಸೈ ಬಿದ್ದರೆ ಅವನು ಕಳ್ಳ. ಮತ್ತೆ ಯಾವ ಮದುವೆಮನೆಯೂ ಅವನನ್ನು ಕರೆಯದು. ಆದರೂ ಸಾಕಾಗಿ ಪೆನ್ನು ಕೈಗೆ ತೆಗೆದುಕೊಂಡ.

ಆಗ ಒಂದು ಜೊತೆ ಕರಿ ಬೂಟು ಒಳಗೆ ಬಂದವು. ವಕೀಲೆ ಜುಬೇದಾ. ಅವಳ ಮದುವೆಯ ಪೆಂಡಾಲು ಹಾಕಿದವನು ಇವನೇ. ಫಕ್ಕೀರಪ್ಪನ ಹೆಂಡತಿ ಓಡುತ್ತ ಹೋಗಿ ಅವಳನ್ನು ಕರೆದಿದ್ದಳು.

"ಇವರನ್ನ ಅರೆಸ್ಟ್ ಮಾಡೀರೇನ್ರಿ?"

"ಛೇ, ಇಲ್ರಿ ಮೇಡಂ. ತಾನಾಗೇ ಬಂದಾನ."

"ಹಂಗಾರ ತಾನಾಗೇ ಹೋಗಬಹುದಲ್ರಿ?"

ಹವಾಲ್ದಾರನ ಕಾಲು ನಮ್ಮನ್ನು ಇನ್ನಷ್ಟು ಒಳಗೆ ತಳ್ಳಿತು.

"ಅಣ್ಣಾ," ಎಂದಳು ಜುಬೇದಾ, "ಪೊಲೀಸರ ಮುಂದ ಹೇಳಿದ್ದಕ್ಕ ನೀವು ಸೈ ಹಾಕಬೇಕಂತಿಲ್ಲ. ನಿಮ್ಮನ್ನ ನೀವ ಸಿಗಿಸ್ಕೊಳ್ಳೋ ಪ್ರಶ್ನಿಗೆ ಸುಮ್ನ ಕುಂಡ್ರಬಹುದು. ನೋಟಿಸ್ ಕೊಟ್ಟು ಕರದ್ರ ಬರೂಣು, ನಾನೂ ಬರ್ತೀನಿ. ಏಳ್ರಿ."

ಎದ್ದ. ಮತ್ತೆ ಕುಳಿತ. "ಅಕ್ಕಾರ, ನನ್ನ ಕೆರ..."

"ಕಾಲು ನಿಮ್ಮವ ಅದಾವಲ್ಲ?"

ಫಕ್ಕೀರಪ್ಪ ಪೆನ್ನು ಕೆಳಗಿಟ್ಟ. ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದುಹೋದ. ನಮ್ಮನ್ನು ಬಿಟ್ಟು ಹೋದನೆಂದು ನನಗೆ ಅಂದು ಸಿಟ್ಟೇ ಬರಲಿಲ್ಲ.

ಆಮೇಲೆ ಮುದಕಣ್ಣವರ ನಮ್ಮನ್ನು ಮೆಟ್ಟಿಕೊಂಡು ಠಾಣೆಯ ದಾಸವಾಳಕ್ಕೆ ನೀರು ಹಾಕಿದ. ಪಾಪ, ಅವನ ಅಂಗಾಲಿನಲ್ಲೂ ಆಣಿ ಇತ್ತು. ನೋಟಿಸು ಹೋಯಿತು. ಫಕ್ಕೀರಪ್ಪ ಜುಬೇದಾಳೊಂದಿಗೆ ಬಂದ, ಹವಾಯಿ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದ. ಗೊತ್ತಿದ್ದದ್ದನ್ನು ಹೇಳಿದ. ಅವನನ್ನು ಕಳ್ಳನನ್ನಾಗಿಸುವ ಕೊಂಕು ಪ್ರಶ್ನೆ ಬಂದಾಗ ಅವಳ ಮುಖ ನೋಡಿ ಸುಮ್ಮನಿದ್ದ. ಏಳುವಾಗ ಬಗ್ಗಿ ಟೇಬಲ್ಲಿನ ಕೆಳಗಿಂದ ನಮ್ಮನ್ನು ಎಳೆದುಕೊಂಡ.

"ಮಾವ ಕೊಡಿಸಿದ್ದರೀ."

"ಒಯ್ಯೋ ಮಾರಾಯ," ಎಂದ ಹವಾಲ್ದಾರ. "ಬಾಳ ಕಚ್ಚತಾವು."

ಬೋರಮಾಳ ಕೊನೆಗೆ ಮದುಮಗಳ ಸೋದರತ್ತೆಯ ಸೀರೆಯ ಗಂಟಿನಲ್ಲೇ ಸಿಕ್ಕಿತು.

ಈಗ ನಾನು ಸವೆದಿದ್ದೇನೆ. ಬಲಗಾಲಿನವನನ್ನು ನಾಯಿ ಒಯ್ದಿತು. ದೃಷ್ಟಿ ತಾಗದಿರಲೆಂದು ನನ್ನನ್ನು ಪೆಂಡಾಲಿನ ಟೆಂಪೋದ ಹಿಂದೆ ಕಟ್ಟಿದ್ದಾರೆ. ತೂಗಾಡುತ್ತ ಫಕ್ಕೀರಪ್ಪನ ಹೊಸ ಕೆರಗಳನ್ನು ನೋಡುತ್ತೇನೆ. ಬ್ಯಾಂಕಿಗೆ ಹೋದರೂ, ಸಾಹುಕಾರರ ಮನೆಗೆ ಹೋದರೂ ಅವು ಕಾಲಲ್ಲೇ ಇರುತ್ತವೆ.

ಗುಡಿಯ ಮುಂದೆ ಮಾತ್ರ ಬಿಡುತ್ತಾನೆ. ಅದು ತಾನಾಗೇ.