ತಪ್ಪಲೆಯ ಕೆಳಗಿನ ನಾಲ್ಕು ಮರಿ

ಕೋಳಿಮರಿ ಮಂಕಾದರೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ? ತಪ್ಪಲೆ ಬೋರಲು ಹಾಕಿ ಬಡಿಯುತ್ತೀರಿ ತಾನೆ? ನಾನೂ ಅದನ್ನೇ ಮಾಡಿದವಳು. ಉತ್ತರಹಳ್ಳಿಯಲ್ಲಿ ಯಾರ ಮನೆಯ ಮರಿ ತಲೆ ವಾಲಿಸಿದರೂ "ಅಂಜನಮ್ಮನ್ನ ಕರೀರಿ" ಅನ್ನುತ್ತಿದ್ದರು. ಮರಿಯನ್ನು ಹಿತ್ತಾಳೆ ತಪ್ಪಲೆಯ ಕೆಳಗೆ ಮುಚ್ಚಿ, ಮೇಲೆ ಸೌಟಿನಿಂದ ಬಡಿಯುತ್ತಿದ್ದೆ. ಸದ್ದಿಗೆ ಪ್ರಾಣ ಎಚ್ಚರವಾಗುತ್ತದೆ ಎಂಬ ನಂಬಿಕೆ. ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಇದು ಹೋದ ಮಾಗಿಯ ಮಾತು. ನನ್ನ ಸೊಸೆ ಸರಸ್ವತಿ ಕೆಲವು ವರ್ಷದ ಹಿಂದೆ ಮದುವೆಯಾಗಿ ಬರುವಾಗ ತಲಘಟ್ಟಪುರದ ತವರಿನಿಂದ ಒಂದು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ತಂದಿದ್ದಳು. ಕೆಂಪು ಮೈ, ಕತ್ತಿನ ಸುತ್ತ ಬಿಳಿ ಚುಕ್ಕೆ. ಅವಳ ತಾಯಿ ಸಾಕಿದ ತಳಿ. ಆ ತಾಯಿ ತೀರಿಕೊಂಡು ಎರಡು ವರ್ಷ. ಹಿಂದಿನ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಅದರ ಮರಿಗಳೆಲ್ಲ ಹೋದವು. ಆ ಮಾಗಿಗೆ ಕೋಳಿಗೂ ಮುದಿತನ. ನಾಲ್ಕೇ ನಾಲ್ಕು ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತು.

"ಇದೇ ಕೊನೆ ಕಾವು ಅತ್ತೆ. ಈ ನಾಲ್ಕರಲ್ಲಿ ಒಂದಾದ್ರೂ ಹೆಣ್ಣಾಗಿ, ಹ್ಯಾಟೆಯಾಗಿ ಉಳಿದ್ರೆ ನಮ್ಮವ್ವನ ಕೋಳಿ ಮೊಟ್ಟೆ ಮನೇಲಿ ಇರ್ತದೆ" ಎಂದು ಸರಸ್ವತಿ ದಿನಕ್ಕೆ ನಾಲ್ಕು ಸಲ ಕುಕ್ಕೆಗೆ ಇಣುಕುತ್ತಿದ್ದಳು.

ಇಪ್ಪತ್ತೊಂದನೆಯ ದಿನ ಬೆಳಗ್ಗೆ ಜಿಟಿಜಿಟಿ ಮಳೆ, ಮೇಲೆ ಥಂಡಿ ಗಾಳಿ. ನಾಲ್ಕೂ ಮೊಟ್ಟೆ ಒಡೆದವು. ಆದರೆ ಮುದಿ ಕೋಳಿಗೆ ಕೂರುವ ತ್ರಾಣ ಉಳಿದಿರಲಿಲ್ಲ. ಕಾವು ಬಿಟ್ಟು ಎದ್ದು ಹೋಯಿತು. ನಾವು ನೋಡುವಷ್ಟರಲ್ಲಿ ಮರಿಗಳು ಒದ್ದೆ ಮೈಯಲ್ಲಿ ಕಾಲು ಚಾಚಿ ಬಿದ್ದಿದ್ದವು. ಕೀಚು ಅನ್ನುವ ಶಕ್ತಿಯೂ ಇರಲಿಲ್ಲ.

"ನಮ್ಮವ್ವ ಇಂಥವನ್ನ ಒಲೆ ಪಕ್ಕ ಕುಕ್ಕೇಲಿ..." ಎಂದು ಸರಸ್ವತಿ ಬಾಯಿ ತೆರೆದಳು.

"ನಿಮ್ಮವ್ವನ ರೂಢಿ ತಲಘಟ್ಟಪುರಕ್ಕೇ ಇರ್ಲಿ. ತಪ್ಪಲೆ ತಗೊಂಬಾ" ಎಂದೆ ನಾನು.

ತಂದುಕೊಟ್ಟಳು. ತಣ್ಣನೆಯ ನೆಲದ ಮೇಲೆ ಮರಿಗಳನ್ನಿಟ್ಟು ತಪ್ಪಲೆ ಮುಚ್ಚಿದೆ. ಬಡಿದೆ. ಎತ್ತಿ ನೋಡಿದೆ, ಒಂದು ಹೋಗಿತ್ತು. ನೀರು ಬೇಕಿರಬಹುದು ಎಂದು ಇನ್ನೊಂದರ ಬಾಯಿ ಬಿಡಿಸಿ ನೀರು ಬಿಟ್ಟೆ. ಅದು ಉಸಿರುಗಟ್ಟಿ ನನ್ನ ಅಂಗೈಯಲ್ಲೇ ಸತ್ತಿತು. ಉಳಿದ ಎರಡನ್ನು ಮತ್ತೆ ಮುಚ್ಚಿ ಇನ್ನೂ ಜೋರಾಗಿ ಬಡಿದೆ. ನನ್ನ ಹಟಕ್ಕೆ ಬೆಂಕಿ ಬೀಳ!

ಆ ಸದ್ದು ಕೇಳಿಯೇ ಗ್ರಾಮಸೇವಿಕೆ ಜಯಾ ಒಳಗೆ ಬಂದದ್ದು. ಮಹಿಳಾ ಸಮಾಜದ ಕೆಲಸಕ್ಕೆಂದು ವಾರಕ್ಕೊಮ್ಮೆ ನಮ್ಮೂರಿಗೆ ಬರುವ ಹುಡುಗಿ.

"ಏನ್ ಅಂಜನಮ್ಮನೋರೆ, ಗ್ರಹಣ ಹಿಡೀತಾ? ಇಷ್ಟು ಜೋರಾಗಿ ಬಡೀತಿದೀರಿ?" ಎಂದು ಕೊಡೆ ಮಡಚಿದಳು. ತಪ್ಪಲೆ ಎತ್ತಿ ನೋಡಿ ನಗು ನಿಲ್ಲಿಸಿದಳು. ಮೂರನೆಯದೂ ಹೋಗಿತ್ತು. ನಾಲ್ಕನೆಯದು ಕೊಕ್ಕು ತೆರೆದು ಮುಚ್ಚುತ್ತಿತ್ತು.

"ಮೊದ್ಲು ಇದನ್ನ ಬೆಚ್ಚಗೆ ಮಾಡ್ಬೇಕು. ಹಳೇ ಬಟ್ಟೆ ಕೊಡಿ" ಎಂದಳು.

"ತಪ್ಪಲೆ ಸದ್ದಿಗೆ ಎದ್ದ ಮರೀನ ನಾನೇ ಕಣ್ಣಾರೆ ಕಂಡಿದೀನಿ ಕಣಮ್ಮ" ಎಂದೆ, ಸೋಲಲು ಮನಸ್ಸಿಲ್ಲದೆ.

"ಅದು ಪೆಟ್ಟು ಬಿದ್ದು ಮೂರ್ಛೆ ಹೋದ ಮರಿ ಇರ್ಬೇಕು. ಕತ್ತಲಲ್ಲಿ ಸುಮ್ನೆ ಬಿದ್ದಿದ್ರೂ ಏಳ್ತಿತ್ತು. ಇದಕ್ಕೆ ಆಗಿರೋದು ಚಳಿ. ಹೇಳಿ, ನಿಮ್ಮ ಮನೇಲಿ ಬಡಕಲು ಮಗು ಹುಟ್ಟಿದ್ರೆ ಏನ್ ಮಾಡ್ತೀರಿ? ತಪ್ಪಲೆ ಬಡೀತೀರಾ?"

"ಅಯ್ಯೋ ಬಿಡ್ತು ಅನ್ನು! ಅಗ್ಗಿಷ್ಟಿಕೆ ಇಟ್ಟು ಬಟ್ಟೆ ಸುತ್ತಿ ಮಲಗಿಸ್ತೀವಿ."

"ಮತ್ತೆ?"

ನಾನು ಸೌಟನ್ನು ಕೆಳಗಿಟ್ಟೆ.

ಜಯಾ ಹೇಳುತ್ತಾ ಹೋದಳು, ಸರಸ್ವತಿ ಮಾಡುತ್ತಾ ಹೋದಳು. ಮರಿಯ ಮೈ ಒರೆಸಿದಳು. ಕುಕ್ಕೆಗೆ ಒಣ ಭತ್ತದ ಹೊಟ್ಟು ಹರಡಿ, ಮೇಲೆ ಹಳೆ ಸೀರೆಯ ತುಂಡು ಹಾಸಿದಳು. ಔಷಧಿ ಸೀಸೆಗೆ ಬಿಸಿನೀರು ತುಂಬಿ, ಬಿರಡೆ ಬಿಗಿದು, ಬಟ್ಟೆ ಸುತ್ತಿ ಕುಕ್ಕೆಯ ಒಂದು ಮೂಲೆಯಲ್ಲಿಟ್ಟಳು.

"ಒಂದೇ ಮೂಲೇಲಿ ಯಾಕೆ?" ಎಂದೆ.

"ಸೆಖೆಯಾದ್ರೆ ಮರಿ ಆ ಕಡೆ ಸರ್ಕೊಳ್ಳೋಕೆ ಜಾಗ ಬೇಕಲ್ಲ. ಸೀಸೇಗೇ ಅಂಟ್ಕೊಂಡಿದ್ರೆ ಇನ್ನೂ ಚಳಿ ಅಂತ. ದೂರ ಹೋಗಿ ಬಾಯಿ ಬಿಡ್ತಿದ್ರೆ ಶಾಖ ಜಾಸ್ತಿ ಅಂತ. ಸೀಸೆ ಆರಿದಾಗೆಲ್ಲ ನೀರು ಬದಲಾಯಿಸಿ."

"ಹೊಟ್ಟೆಗೆ ಏನೂ ಬೇಡ್ವಾ?"

"ಈಗ್ಲೇ ಬೇಡ. ಮೊಟ್ಟೆ ಹಳದಿ ಅದರ ಹೊಟ್ಟೇಲೇ ಇರುತ್ತೆ, ಒಂದು ದಿನ ತಡೆಯುತ್ತೆ. ಎದ್ದು ನಿಂತ ಮೇಲೆ ಉಗುರುಬೆಚ್ಚಗಿನ ನೀರಿಗೆ ಚೂರು ಬೆಲ್ಲ ಹಾಕಿ, ಕೊಕ್ಕಿನ ತುದಿ ಮಾತ್ರ ಅದ್ದಿ. ಬಾಯಿಗೆ ಸುರೀಬೇಡಿ. ಆಮೇಲೆ ಸಣ್ಣ ನುಚ್ಚು, ಬೇಯಿಸಿದ ಮೊಟ್ಟೆ ಹಳದಿ ಪುಡಿ ಮಾಡಿ ಕೊಡಿ. ಹಿಂಬದಿ ಹಿಕ್ಕೆ ಅಂಟಿ ಒಣಗಿದ್ರೆ ಬಿಸಿನೀರಿನ ಬಟ್ಟೇಲಿ ಮೆತ್ತಗೆ ಒರೆಸಿ. ಕಿತ್ತು ಎಳೀಬೇಡಿ."

ಬಾಯಿಗೆ ಸುರಿಯಬೇಡಿ ಅಂದಾಗ ನಾನು ಅಂಗೈ ಸೆರಗಿನಲ್ಲಿ ಮುಚ್ಚಿಕೊಂಡೆ.

ಮಧ್ಯಾಹ್ನ ಊಟದ ಹೊತ್ತಿಗೆ ಕುಕ್ಕೆಯೊಳಗಿಂದ ಕೀಚ್ ಕೀಚ್ ಸದ್ದು ಬಂತು. ಓಡಿಹೋಗಿ ನೋಡಿದೆವು. ಮರಿ ನಡುಗುವ ಕಾಲಲ್ಲಿ ಎದ್ದು ನಿಂತಿತ್ತು. ಸರಸ್ವತಿ ಮೊದಲ ಸಲ ಅತ್ತಳು. ಸತ್ತ ಮೂರನ್ನು ಅವಳೇ ಹಿತ್ತಿಲಿನ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿ ಬಂದಿದ್ದಳು, ಆಗ ಕಣ್ಣೀರು ಹಾಕಿರಲಿಲ್ಲ.

"ನಿಮ್ಮವ್ವ ಒಲೆ ಪಕ್ಕ ಕುಕ್ಕೇಲಿ ಇಡ್ತಿದ್ದದ್ದೂ ಇದಕ್ಕೇನಾ?" ಎಂದು ಕೇಳಿದೆ.

"ಹೂಂ ಅತ್ತೆ" ಎಂದಳು, ಅಷ್ಟೇ.

ನನ್ನ ಯಜಮಾನರು ಬೋರಣ್ಣ ಜಯನಗರದ ಹೊಸ ಬಡಾವಣೆಯಲ್ಲಿ ಬದನೆಕಾಯಿ ಮಾರಿ ಬಂದವರು, ನಡೆದದ್ದನ್ನೆಲ್ಲ ಕೇಳಿ, ಸೀಸೆಗೆ ತಾವೇ ನೀರು ಕಾಯಿಸಲು ಕೂತರು. ಮನೆಮಂದಿಯೆಲ್ಲ ಸೇರಿ ಆ ಒಂದು ಮರಿಯನ್ನು ಉಳಿಸಿಕೊಂಡೆವು. ಮುದಿ ಕೋಳಿ ತಿಂಗಳೊಳಗೆ ಸತ್ತಿತು.

ಮರಿ ಹ್ಯಾಟೆಯಾಗಲಿ ಎಂದು ನಾನು ವಸಂತಪುರದ ದೇವರಿಗೆ ಹರಕೆ ಹೊತ್ತಿದ್ದೆ. ಅದು ಹುಂಜವಾಯಿತು. ಕೆಂಪು ಮೈ, ಕತ್ತಿಗೆ ಬಿಳಿ ಚುಕ್ಕೆ, ಎಲ್ಲ ಸರಿ, ಆದರೆ ಹುಂಜ.

"ಹೋಗ್ಲಿ ಬಿಡಿ ಅತ್ತೆ. ಅದು ಕೂಗಿದ್ರೆ ನಮ್ಮವ್ವನ ಮನೇಲಿ ಎದ್ದಂಗಾಗ್ತದೆ" ಎಂದಳು ಸರಸ್ವತಿ. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈಗಲೂ ಊರವರು ನನ್ನನ್ನು ಕರೆಯುತ್ತಾರೆ. ನಾನು ಸೀಸೆ, ಬಟ್ಟೆ ಹಿಡಿದು ಹೋಗುತ್ತೇನೆ. ಜೊತೆಗೆ ಸರಸ್ವತಿಯೂ ಬರುತ್ತಾಳೆ.

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಹೊಸ ಮರಿ ಮಂಕಾಗಿ ಬಿದ್ದರೆ ತಪ್ಪಲೆಗೆ ಕೈ ಹಾಕಬೇಡಿ, ಬಾಯಿಗೆ ನೀರು ಸುರಿಯಬೇಡಿ. ಮೊದಲು ಒರೆಸಿ, ಬೆಚ್ಚಗಿಡಿ, ಆಮೇಲೆ ಉಣಿಸಿ. ಗೊತ್ತಾಗದಿದ್ದರೆ ಗ್ರಾಮಸೇವಿಕೆಯನ್ನು ಕೇಳಿ, ನಾಚಿಕೆ ಬೇಡ. ಇನ್ನೊಂದು ಮಾತು. ಪಕ್ಕದಲ್ಲಿ ನಿಂತ ಸೊಸೆ ಏನೋ ಹೇಳಲು ಬಾಯಿ ತೆರೆದರೆ, ಪೂರ್ತಿ ಹೇಳಲು ಬಿಡಿ. ನಾನು ಬಿಟ್ಟಿದ್ದರೆ ಕರಿಬೇವಿನ ಬುಡದಲ್ಲಿರುವ ಆ ಮೂರೂ ಇವತ್ತು ನಮ್ಮ ಹಿತ್ತಿಲಲ್ಲಿ ಕೆದಕಿಕೊಂಡು ಓಡಾಡುತ್ತಿದ್ದವು.